ಬೆಲೆ ಬಿದ್ದ ಟೊಮೆಟೊವನ್ನು ಸೀಸೆಗೆ ತುಂಬುವ ಬಗೆ



ಟೊಮೆಟೊ ಬೆಳೆಯುವ ವಿಚಾರವನ್ನು ಬಂಗಾರಪೇಟೆ, ಕೆ.ಜಿ.ಎಫ್. ಸೀಮೆಯವರಿಗೆ ಹೇಳಿಕೊಡಲು ಹೊರಡುವುದು ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ. ಬೂದಿಕೋಟೆ, ಕಾಮಸಮುದ್ರ, ಬೇತಮಂಗಲ, ಕ್ಯಾಸಂಬಳ್ಳಿ, ಎತ್ತ ಹೋದರೂ ಕೋಲು ನೆಟ್ಟು ದಾರ ಕಟ್ಟಿದ ಸಾಲುಗಳು ಕಣ್ಣಿಗೆ ಬೀಳುತ್ತವೆ. ಗಿಡಕ್ಕೆ ಏನು ಬೇಕು, ಯಾವಾಗ ಬೇಕು ಎಂಬುದನ್ನು ತಾವು ನನಗಿಂತ ಚೆನ್ನಾಗಿ ಬಲ್ಲಿರಿ. ನಾನು ಈ ಸಲ ಬರೆಯಹೊರಟಿರುವುದು ಹಣ್ಣು ಕೊಯ್ದ ಮೇಲಿನ ಮಾತು.

2023ರ ಜುಲೈ ತಿಂಗಳಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ತೂಕದ ಒಂದು ಬಾಕ್ಸು ಟೊಮೆಟೊ ಎರಡು ಸಾವಿರ ರೂಪಾಯಿಗೂ ಮೀರಿ ಹರಾಜಾಯಿತು. ಹೊಲದಲ್ಲಿ ರಾತ್ರಿ ಕಾವಲು ಕುಳಿತವರಿದ್ದರು. ಅದೇ ಮಾರುಕಟ್ಟೆಯಲ್ಲಿ ಅದೇ ಬಾಕ್ಸಿಗೆ ನೂರು ರೂಪಾಯಿ ಕೂಡ ಹುಟ್ಟದ ದಿನಗಳನ್ನೂ ನಾವು ಕಂಡಿದ್ದೇವೆ. ಕೊಯ್ಲಿನ ಕೂಲಿ, ಟೆಂಪೋ ಬಾಡಿಗೆ, ಮಂಡಿಯ ಕಮಿಷನ್ ಎಲ್ಲ ಕಳೆದರೆ ರೈತನೇ ಕೈಯಿಂದ ಹಣ ಹಾಕಿ ಮನೆಗೆ ಬರಬೇಕಾದ ಸ್ಥಿತಿ. ಆಗ ಹಣ್ಣನ್ನು ಗಿಡದಲ್ಲಿಯೇ ಬಿಡುತ್ತಾರೆ, ಇಲ್ಲವೆ ರಸ್ತೆಯ ಬದಿಗೆ ಸುರಿಯುತ್ತಾರೆ. ಕೋಲಾರದ ಮಾರುಕಟ್ಟೆ ಏಷ್ಯಾ ಖಂಡದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದೆಂದು ಹೆಸರು ಪಡೆದಿದೆ. ಆ ಹೆಸರು ನಮಗೆ ಅಂಥ ದಿನ ಯಾವ ಉಪಯೋಗಕ್ಕೂ ಬರುವುದಿಲ್ಲ.

ಮೊದಲೇ ಒಂದು ಮಾತು ಸ್ಪಷ್ಟವಾಗಿರಲಿ. ಮನೆಯಲ್ಲಿ ಚಟ್ನಿ, ಸಾಸು ಮಾಡುವುದರಿಂದ ಬಿದ್ದ ಬೆಲೆ ಏಳುವುದಿಲ್ಲ. ಒಂದು ಎಕರೆಯಲ್ಲಿ ಸಾವಿರ ಬಾಕ್ಸಿಗೂ ಹೆಚ್ಚು ಹಣ್ಣು ಬಿಡುತ್ತದೆ. ಒಂದು ಮನೆಯವರು ದಿನವೆಲ್ಲ ಒಲೆಯ ಮುಂದೆ ನಿಂತರೂ ಎರಡು ಬಾಕ್ಸಿಗಿಂತ ಹೆಚ್ಚು ಮುಗಿಸಲಾರರು. ಆದುದರಿಂದ ಸಾಲ ತೀರಿಸುವ ಉಪಾಯವೆಂದು ಯಾರೂ ಇದನ್ನು ಓದಬೇಡಿ. ಮನೆಯ ವರ್ಷದ ಬಳಕೆಗೆ, ಮಗಳ ಮನೆಗೆ ಕಳಿಸುವುದಕ್ಕೆ, ನಾಲ್ಕು ಮನೆಯವರು ಸೇರಿದರೆ ಪೇಟೆಯಲ್ಲಿ ಒಂದಿಷ್ಟು ಮಾರುವುದಕ್ಕೆ ಇದು ಆದೀತು. ರಸ್ತೆಗೆ ಸುರಿಯುವ ಹಣ್ಣಿನಲ್ಲಿ ಇಷ್ಟಾದರೂ ಉಳಿದರೆ ಅದೇನೂ ಸಣ್ಣ ಮಾತಲ್ಲ.

ನನ್ನ ಮೊದಲ ಸಾಸಿನ ಕಥೆ

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹಳ್ಳಿಯ ಸ್ತ್ರೀಶಕ್ತಿ ಸಂಘದವರ ಮುಂದೆ ನಾನು ಸಾಸು ಮಾಡಿ ತೋರಿಸಿದೆ. ಪುಸ್ತಕದಲ್ಲಿ ಓದಿದ್ದನ್ನೆಲ್ಲ ಹೇಳಿದೆ. ಆದರೆ ಸಂಜೆಯಾಗುತ್ತ ಬಂತು, ಸೌದೆ ಮುಗಿಯುತ್ತ ಬಂತು. ತಾಯಂದಿರು ಮನೆಗೆ ಹೋಗಿ ಹಾಲು ಕರೆಯಬೇಕಿತ್ತು. ಇನ್ನೂ ತೆಳ್ಳಗಿದ್ದ ಸಾಸನ್ನು ಇಳಿಸಿಬಿಟ್ಟೆ. ತೊಳೆದ ಸೀಸೆಗಳು ಒಳಗೆ ಪೂರ್ತಿ ಆರಿರಲಿಲ್ಲ. ವಿನೆಗರ್ ಸಾಲದೆ ಬಂದಿತ್ತು, ನಡೆಯುತ್ತದೆ ಎಂದುಕೊಂಡೆ. ಹತ್ತು ಸೀಸೆ ತುಂಬಿ, ಒಬ್ಬೊಬ್ಬರಿಗೆ ಒಂದೊಂದು ಕೊಟ್ಟು, ಸಂತೋಷದಿಂದ ಹೊರಟು ಬಂದೆ.

ಮೂರನೆಯ ವಾರ ಆ ಊರಿಗೆ ಹೋದಾಗ ಅರಳಿಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ಅಜ್ಜಿ ನನ್ನನ್ನು ಕರೆದು ಕೇಳಿದರು: "ಏನಪ್ಪಾ ಸಾಮಿ, ನೀನು ಕೊಟ್ಟದ್ದು ಸಾಸಾ, ಸೋಡಾನಾ? ನಡುರಾತ್ರಿ ಡಬ್ ಅಂತ ಮುಚ್ಚಳ ಹಾರಿ ಸೊಸೆ ಕಿರುಚಿಕೊಂಡಳು." ಆರು ಮನೆಗಳಲ್ಲಿ ಹೀಗೆಯೇ ಆಗಿತ್ತು. ಉಳಿದ ನಾಲ್ಕನ್ನು ನಾನೇ ಕೇಳಿ ತಂದು ತಿಪ್ಪೆಗೆ ಸುರಿದೆ. ಯಾರೂ ಅದನ್ನು ತಿಂದಿರಲಿಲ್ಲ ಎಂಬುದೊಂದೇ ಸಮಾಧಾನ. ತಪ್ಪು ಟೊಮೆಟೊದ್ದಲ್ಲ, ತಾಯಂದಿರದ್ದೂ ಅಲ್ಲ, ನನ್ನದು. ಆ ಸಂಘದವರು ಮತ್ತೊಮ್ಮೆ ಒಲೆ ಹಚ್ಚಲು ಒಪ್ಪುವುದಕ್ಕೆ ಪೂರಾ ಒಂದು ವರ್ಷ ಬೇಕಾಯಿತು.

ಸೀಸೆಯೊಳಗೆ ನಡೆದದ್ದು ಇಷ್ಟೆ. ಹಣ್ಣಿನ ಸಿಪ್ಪೆಯ ಮೇಲೆ, ಗಾಳಿಯಲ್ಲಿ, ನೀರಿನಲ್ಲಿ, ನಮ್ಮ ಕೈಯಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳಿರುತ್ತವೆ. ಅವುಗಳಲ್ಲಿ ಯೀಸ್ಟ್ ಎಂಬ ಹುದುಗು ಒಂದು. ಅದು ಸಕ್ಕರೆಯನ್ನು ತಿಂದು ಗಾಳಿಯನ್ನು ಬಿಡುತ್ತದೆ. ಇಡ್ಲಿ ಹಿಟ್ಟು ಉಬ್ಬುವಾಗ ಗಾಳಿ ಹುಟ್ಟುವುದನ್ನು ನೀವೇ ಕಂಡಿದ್ದೀರಿ. ಇದೂ ಆ ಜಾತಿಯ ಕೆಲಸವೇ. ಬೂಷ್ಟು ಇನ್ನೊಂದು, ಅದಕ್ಕೆ ಗಾಳಿ ಬೇಕು, ಆದ್ದರಿಂದ ಮೇಲ್ಗಡೆ ಬೆಳೆಯುತ್ತದೆ. ಮೂರನೆಯದು ಬ್ಯಾಕ್ಟೀರಿಯಗಳು. ಇವುಗಳಲ್ಲಿ ಒಂದು ಜಾತಿ ಗಾಳಿಯಿಲ್ಲದ ಮುಚ್ಚಿದ ಸೀಸೆಯಲ್ಲಿಯೇ ಬೆಳೆದು, ವಾಸನೆಯನ್ನೂ ತೋರಿಸದೆ ಪ್ರಾಣಕ್ಕೆ ಎರವಾಗುವ ವಿಷವನ್ನು ಉಂಟುಮಾಡಬಲ್ಲುದು. ಅದು ಹುಳಿ ಸಾಕಷ್ಟಿರುವಲ್ಲಿ ಬೆಳೆಯಲಾರದು. ಟೊಮೆಟೊ ಹುಳಿ ಹಣ್ಣೇ ಹೌದು, ಆದರೆ ಆ ಗಡಿಗೆ ತೀರ ಹತ್ತಿರದಲ್ಲಿದೆ. ಬಹಳ ಮಾಗಿದ ಹಣ್ಣಿನಲ್ಲಿ ಹುಳಿ ಇಳಿಯುತ್ತದೆ, ಬೂಷ್ಟು ಹಿಡಿದ ಹಣ್ಣಿನಲ್ಲಿ ಇನ್ನೂ ಇಳಿಯುತ್ತದೆ. ವಿನೆಗರ್ ಹಾಕುವುದು ಬರಿಯ ರುಚಿಗೆಂದು ತಿಳಿದು ನಾನು ಅದನ್ನು ಬಿಟ್ಟೆನಲ್ಲ, ಅದೇ ದೊಡ್ಡ ತಪ್ಪು.

ಬೆಂಕಿ, ಹುಳಿ, ಸಕ್ಕರೆ ಉಪ್ಪು, ನೀರನ್ನು ಇಂಗಿಸುವುದು, ಶುದ್ಧವಾದ ಸೀಸೆ: ಇವು ಐದೂ ಸೇರಿ ಸಾಸನ್ನು ಕಾಯುತ್ತವೆ. ಒಂದರಲ್ಲಿ ಸಡಿಲ ಬಿಟ್ಟರೆ ಉಳಿದ ನಾಲ್ಕರ ಮೇಲೆ ಭಾರ ಬೀಳುತ್ತದೆ.

ಯಾವ ಹಣ್ಣು, ಯಾವ ಪಾತ್ರೆ

ಮಂಡಿಯವರು ಗೋಲಿಯೆಂದು ತಳ್ಳುವ ಸಣ್ಣ ಹಣ್ಣು, ಆಕಾರ ಸರಿಯಿಲ್ಲದ ಹಣ್ಣು, ಬಿಸಿಲಿಗೆ ತುಸು ಸುಟ್ಟ ಹಣ್ಣು ಇವೆಲ್ಲ ನಮ್ಮ ಕೆಲಸಕ್ಕೆ ಆಗುತ್ತವೆ. ಸುಟ್ಟ ಭಾಗವನ್ನೂ ತೊಟ್ಟಿನ ಬಳಿಯ ಹಸಿರನ್ನೂ ಕತ್ತರಿಸಿ ತೆಗೆಯಿರಿ, ಹಸಿರು ಉಳಿದರೆ ಸಾಸು ಕಂದು ಬಣ್ಣಕ್ಕೆ ತಿರುಗುತ್ತದೆ. ಆದರೆ ಕೊಳೆತದ್ದನ್ನೂ ಬೂಷ್ಟು ಬಂದದ್ದನ್ನೂ ಪೂರ್ತಿಯಾಗಿ ಬಿಸಾಡಬೇಕು. ಅರ್ಧ ಕತ್ತರಿಸಿ ಅರ್ಧ ಉಳಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಹೆಚ್ಚು. ಬೂಷ್ಟಿನ ಬೇರು ಕಣ್ಣಿಗೆ ಕಾಣುವುದಕ್ಕಿಂತ ಒಳಕ್ಕೆ ಇಳಿದಿರುತ್ತದೆ, ಒಂದು ಹಣ್ಣಿನ ಆಸೆಗೆ ಇಡೀ ಪಾತ್ರೆ ಕೆಡುತ್ತದೆ.

ದೂರದ ಊರುಗಳಿಗೆ ಲಾರಿಯಲ್ಲಿ ಹೋಗುವ ಗಟ್ಟಿ ಸಿಪ್ಪೆಯ ಹೈಬ್ರಿಡ್ ಹಣ್ಣಿನಲ್ಲಿ ತಿರುಳು ಹೆಚ್ಚು, ರಸ ಕಡಿಮೆ. ಸಾಸಿಗೆ ಅದು ಒಳ್ಳೆಯದು, ಸೌದೆ ಉಳಿಯುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಅರ್ಕಾ ರಕ್ಷಕ್ ತಳಿಯನ್ನು ಎಲೆ ಮುದುಡು, ಸೊರಗು, ಅಂಗಮಾರಿ ಎಂಬ ಮೂರು ರೋಗಗಳನ್ನು ತಡೆಯಲೆಂದು ರೂಪಿಸಿದರು. ಅದು ಸಂಸ್ಕರಣೆಗೂ ಒಗ್ಗುತ್ತದೆ. ನಾಟಿ ಹಣ್ಣು ರಸ ಹೆಚ್ಚಾದರೂ ಹುಳಿ ಚೆನ್ನಾಗಿದೆ. ತೊಕ್ಕಿಗೆ ನಾನು ಅದನ್ನೇ ಆರಿಸುತ್ತೇನೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನಿನ್ನೆ ಮೊನ್ನೆ ಔಷಧಿ ಹೊಡೆದ ತೋಟದ ಹಣ್ಣನ್ನು ಮನೆಯ ಒಲೆಗೆ ತರಬೇಡಿ. ಔಷಧಿಯ ಡಬ್ಬಿಯ ಮೇಲೆ ಸಿಂಪಡಣೆಗೂ ಕೊಯ್ಲಿಗೂ ನಡುವೆ ಎಷ್ಟು ದಿನ ಇರಬೇಕೆಂದು ಬರೆದಿರುತ್ತದೆ. ಬೆಲೆ ಬೀಳುವುದು ನಿಮ್ಮ ಸಿಂಪಡಣೆಯ ದಿನವನ್ನು ನೋಡಿಕೊಂಡಲ್ಲ, ಅದು ನಿಜ. ಆದರೂ ಆ ದಿನ ಕಳೆಯುವವರೆಗೆ ಕಾಯಲೇಬೇಕು. ತೊಳೆದರೆ ಎಲ್ಲವೂ ಹೋಗುವುದಿಲ್ಲ. ಹತ್ತು ಕಿಲೋವನ್ನು ಮೂರು ಕಿಲೋ ಬರುವಂತೆ ಇಂಗಿಸುವಾಗ ನೀರು ಹೋಗುತ್ತದೆಯೇ ಹೊರತು, ಹಣ್ಣಿನಲ್ಲಿ ಉಳಿದ ಔಷಧಿಯೂ ಜೊತೆಗೆ ಹೋಗುತ್ತದೆಂಬ ಭರವಸೆಯಿಲ್ಲ.

ಪಾತ್ರೆ ಸ್ಟೀಲಿನದಾಗಿರಬೇಕು. ಕಬ್ಬಿಣದ ಬಾಣಲೆ, ಕಲಾಯಿ ಇಲ್ಲದ ತಾಮ್ರ ಹಿತ್ತಾಳೆ ಬೇಡ. ಮದುವೆ ಮನೆಯ ದೊಡ್ಡ ಅಲ್ಯೂಮಿನಿಯಂ ಡಬರಿಯೂ ಬೇಡ, ಹುಳಿ ಅದನ್ನು ಕರಗಿಸುತ್ತದೆ. ಸಾಸಿನ ಸೀಸೆಯ ಕತ್ತಿನಲ್ಲಿ ಕೆಲವೊಮ್ಮೆ ಕಪ್ಪು ಉಂಗುರ ಕಾಣುವುದುಂಟು. ಪಾತ್ರೆಯಿಂದಲೋ ಮುಚ್ಚಳದಿಂದಲೋ ಬಂದ ಕಬ್ಬಿಣದ ಅಂಶ ಲವಂಗ ಮುಂತಾದ ಮಸಾಲೆಯ ಒಗರಿನೊಂದಿಗೆ ಸೇರಿ, ಗಾಳಿ ತಗುಲಿ ಕಪ್ಪಾಗುವುದೇ ಅದಕ್ಕೆ ಕಾರಣ. ಆದುದರಿಂದಲೇ ಲವಂಗದ ತಲೆಯ ಮೊಗ್ಗನ್ನು ಮುರಿದು ಹಾಕುವ ಪದ್ಧತಿ.

ಸಾಸು ಮಾಡುವ ಕ್ರಮ

ಒಂದು ಬಾಕ್ಸಿನ ಲೆಕ್ಕ ಹೇಳುತ್ತೇನೆ. 15 ಕಿಲೋದಲ್ಲಿ ಆರಿಸಿ ತೆಗೆದ ಮೇಲೆ 14 ಕಿಲೋ ಉಳಿಯಿತೆನ್ನೋಣ. ಕೆರೆಯ ನೀರು ಬೇಡ, ಕುಡಿಯುವ ನೀರಿನಲ್ಲಿಯೇ ಎರಡು ಸಲ ತೊಳೆಯಿರಿ. ಒಲೆಯನ್ನು ಮೊದಲು ಹಚ್ಚಿ, ಅನಂತರ ಹೆಚ್ಚಲು ಕುಳಿತುಕೊಳ್ಳಿ. ಹೆಚ್ಚಿದ ಹಣ್ಣು ಕಾಯಬಾರದು. ಹಣ್ಣನ್ನು ಗಟ್ಟಿಯಾಗಿ ಹಿಡಿದಿಡುವ ಪೆಕ್ಟಿನ್ ಎಂಬ ಅಂಟು ಅದರಲ್ಲಿದೆ. ಹೆಚ್ಚಿದೊಡನೆ ಹಣ್ಣಿನದೇ ಕಿಣ್ವಗಳು ಅದನ್ನು ಒಡೆಯತೊಡಗುತ್ತವೆ, ಬಿಸಿ ತಾಗಿದರೆ ಆ ಕೆಲಸ ನಿಲ್ಲುತ್ತದೆ. ಎರಡು ಗಂಟೆ ಹೆಚ್ಚಿ ಗುಡ್ಡೆ ಹಾಕಿ ಆಮೇಲೆ ಬೇಯಿಸಿದರೆ ಸಾಸು ಎಷ್ಟು ಕುದಿಸಿದರೂ ನೀರು ಬಿಟ್ಟುಕೊಳ್ಳುತ್ತದೆ. ಇಬ್ಬರು ಹೆಚ್ಚುತ್ತಿರಲಿ, ಒಬ್ಬರು ಪಾತ್ರೆಗೆ ಹಾಕಿ ಕೈಯಾಡಿಸುತ್ತಿರಲಿ. ನೀರು ಸೇರಿಸುವ ಅಗತ್ಯವಿಲ್ಲ.

ಹಣ್ಣು ಮೆತ್ತಗಾದ ಮೇಲೆ ಸೌಟಿನಿಂದ ಹಿಸುಕಿ, ಸಣ್ಣ ಕಣ್ಣಿನ ಸ್ಟೀಲ್ ಜರಡಿಯಲ್ಲಿ ಉಜ್ಜಿ ತಿರುಳನ್ನು ಇಳಿಸಿರಿ. ಬೀಜ, ಸಿಪ್ಪೆ ಮೇಲೆ ಉಳಿಯುತ್ತವೆ. ಮಿಕ್ಸಿಯಲ್ಲಿ ಬೀಜಸಮೇತ ಅರೆದರೆ ಕೆಲಸ ಬೇಗ ಆಗುತ್ತದೆ, ಆದರೆ ಬೀಜ ಒಡೆದು ಕಹಿ ಬರುತ್ತದೆ. ಈ ಕ್ರಮದಲ್ಲಿ ಸುಮಾರು 10 ಕಿಲೋ ತಿರುಳು ಸಿಗುತ್ತದೆ. ಉಳಿದ ಸಿಪ್ಪೆ ಬೀಜವನ್ನು ಗೊಬ್ಬರದ ಗುಂಡಿಗೆ ಹಾಕಿ. ಹೈಬ್ರಿಡ್ ಹಣ್ಣಿನ ಬೀಜವನ್ನು ಒಣಗಿಸಿ ಮುಂದಿನ ನಾಟಿಗೆ ಇಟ್ಟುಕೊಳ್ಳುವ ಯೋಚನೆ ಬೇಡ. ತಾಯಿಯ ಗುಣ ಒಂದು ಗಿಡಕ್ಕೆ, ತಂದೆಯ ಗುಣ ಇನ್ನೊಂದಕ್ಕೆ ಹೋಗಿ ಹೊಲದಲ್ಲಿ ಒಂದರಂತೆ ಒಂದಿರುವುದಿಲ್ಲ.

10 ಕಿಲೋ ತಿರುಳಿಗೆ ಸಕ್ಕರೆ 750 ಗ್ರಾಂ, ಉಪ್ಪು 100 ಗ್ರಾಂ, ಈರುಳ್ಳಿ ಅರ್ಧ ಕಿಲೋ, ಶುಂಠಿ 100 ಗ್ರಾಂ, ಬೆಳ್ಳುಳ್ಳಿ 50 ಗ್ರಾಂ, ಒಣಮೆಣಸಿನ ಪುಡಿ 50 ಗ್ರಾಂ, ಜೀರಿಗೆ, ಕಾಳುಮೆಣಸು, ಚಕ್ಕೆ ಒಂದೊಂದೂ 20 ಗ್ರಾಂ, ತಲೆ ಮುರಿದ ಲವಂಗ ಇಪ್ಪತ್ತೈದು ಬೇಕು. ಈರುಳ್ಳಿ, ಶುಂಠಿ, ಬೆಳ್ಳುಳ್ಳಿಗಳನ್ನು ಜಜ್ಜಿ, ಮಸಾಲೆಗಳನ್ನು ತರಿಯಾಗಿ ಕುಟ್ಟಿ, ಎಲ್ಲವನ್ನೂ ಒಗೆದ ತೆಳುವಾದ ಬಿಳಿ ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ ತಿರುಳಿನಲ್ಲಿ ಮುಳುಗಿಸಿರಿ. ಸಕ್ಕರೆಯಲ್ಲಿ ಮೂರನೆಯ ಒಂದು ಪಾಲನ್ನು ಮಾತ್ರ ಈಗ ಹಾಕಿ. ಇದರಿಂದ ಕೆಂಪು ಬಣ್ಣ ನಿಲ್ಲುತ್ತದೆ. ಎಲ್ಲ ಸಕ್ಕರೆಯನ್ನೂ ಮೊದಲೇ ಹಾಕಿದರೆ ಹೆಚ್ಚು ಹೊತ್ತು ಕುದಿದು ಬಣ್ಣ ಕಂದುತ್ತದೆ, ತಳ ಹಿಡಿಯುತ್ತದೆ. ಉಪ್ಪು ಬಣ್ಣವನ್ನು ಮಾಸಿಸುವುದರಿಂದ ಅದು ಕೊನೆಗೆ.

ಎಷ್ಟು ಇಂಗಬೇಕೆಂದು ತಿಳಿಯಲು ಒಂದು ಸುಲಭ ಉಪಾಯವಿದೆ. ನೇರವಾದ ಗೋಡೆಯ ಪಾತ್ರೆ ಇರಲಿ. ಕುದಿ ಹತ್ತುವ ಮೊದಲು ಶುಭ್ರವಾದ ಬಿದಿರು ಕಡ್ಡಿಯನ್ನು ತಳ ಮುಟ್ಟುವಂತೆ ಇಳಿಸಿ, ತಿರುಳು ಎಲ್ಲಿಯವರೆಗೆ ಹತ್ತಿತೋ ಅಷ್ಟನ್ನು ಮೂರು ಪಾಲು ಮಾಡಿ ಕಚ್ಚು ಹಾಕಿ. ಕೆಳಗಿನ ಕಚ್ಚಿಗೆ ಇಳಿದಾಗ ಮಸಾಲೆಯ ಗಂಟನ್ನು ಎತ್ತಿ ಚೆನ್ನಾಗಿ ಹಿಂಡಿ ತೆಗೆದು, ಉಳಿದ ಸಕ್ಕರೆ, ಉಪ್ಪು, ಮೆಣಸಿನ ಪುಡಿ ಹಾಕಿ ಇನ್ನೊಂದಿಷ್ಟು ಹೊತ್ತು ಕುದಿಸಿ. ತಟ್ಟೆಯ ಮೇಲೆ ಒಂದು ಚಮಚ ಸಾಸು ಹಾಕಿ ನೋಡಿ. ಸುತ್ತಲೂ ನೀರಿನ ಉಂಗುರ ಬಿಟ್ಟುಕೊಂಡರೆ ಇನ್ನೂ ಆಗಿಲ್ಲ. ನನ್ನ ಮೊದಲ ಸಾಸಿನಲ್ಲಿ ಆ ಉಂಗುರ ಇತ್ತು, ನಾನು ನೋಡಿಯೂ ನೋಡದವನಂತೆ ಇದ್ದೆ.

ಆಮೇಲೆ ವಿನೆಗರ್ 250 ಮಿಲಿ ಹಾಕಿ ಐದು ನಿಮಿಷ ಕುದಿಸಿದರೆ ಸಾಕು. ಮೊದಲೇ ಹಾಕಿದರೆ ಅದರ ಹುಳಿ ಆವಿಯಾಗಿ ಹೋಗುತ್ತದೆ. ಅಂಗಡಿಯ ಸೀಸೆಯ ಮೇಲೆ ನೂರಕ್ಕೆ 4 ಪಾಲಿಗೆ ಕಡಿಮೆಯಿಲ್ಲದ ಅಸಿಟಿಕ್ ಆಮ್ಲವೆಂದು ಬರೆದದ್ದನ್ನು ನೋಡಿ ಕೊಳ್ಳಿ. ನೀರು ಬೆರೆಸದ ಗಾಢ ಆಮ್ಲವೂ ಕೆಲವೆಡೆ ಸಿಗುತ್ತದೆ. ಅದು ಚರ್ಮವನ್ನು ಸುಡುವ ವಸ್ತು, ಅಡಿಗೆಮನೆಗೆ ತರಬೇಡಿ.

ಒಂದು ಬಾಕ್ಸಿನಿಂದ ಸುಮಾರು ನಾಲ್ಕೂವರೆ ಕಿಲೋ ಸಾಸು ಬರುತ್ತದೆ. ಇದು ಊಹೆಯಲ್ಲ, ಲೆಕ್ಕ. ಟೊಮೆಟೊ ತಿರುಳಿನಲ್ಲಿ ನೂರಕ್ಕೆ ಸುಮಾರು 5 ಪಾಲು ಮಾತ್ರ ಸಾರ, ಉಳಿದದ್ದೆಲ್ಲ ನೀರು. 10 ಕಿಲೋ ತಿರುಳಿನ ಅರ್ಧ ಕಿಲೋ ಸಾರಕ್ಕೆ ಸಕ್ಕರೆ ಉಪ್ಪು ಸೇರಿದರೆ 1 ಕಿಲೋ 350 ಗ್ರಾಂ. ಸಾಸಿನಲ್ಲಿ ಕರಗಿದ ಸಾರ ನೂರಕ್ಕೆ 25ಕ್ಕಿಂತ ಕಡಿಮೆ ಇರಬಾರದೆಂದು ಕಾನೂನು. ನಾವು 30ರ ಹತ್ತಿರಕ್ಕೆ ತಂದರೆ ಬರುವುದು ಅಷ್ಟೇ. ಉಳಿದ ಆರು ಲೀಟರಿಗೂ ಹೆಚ್ಚು ನೀರನ್ನು ಆವಿ ಮಾಡಬೇಕು. ಗ್ಯಾಸ್ ಒಲೆಯಲ್ಲಿ ಇದಕ್ಕೆ ಒಂದು ಕಿಲೋದ ಹತ್ತಿರ ಅನಿಲ ಹಿಡಿಯುತ್ತದೆ. ಸೌದೆಯಾದರೆ ಹೊರೆಯ ಲೆಕ್ಕ ನಿಮಗೇ ಗೊತ್ತು. ಟೊಮೆಟೊ ಪುಕ್ಕಟೆ ಸಿಕ್ಕಿತೆಂದು ಸಾಸು ಪುಕ್ಕಟೆ ಎಂದು ತಿಳಿಯಬಾರದು.

ಮನೆಯವರೇ ತಿಂಗಳೊಳಗೆ ಮುಗಿಸುವುದಾದರೆ ಬೇರೆ ಸಂರಕ್ಷಕ ಬೇಡ. ವರ್ಷಕ್ಕೆ ಇಡುವುದಾದರೆ ಸೋಡಿಯಂ ಬೆನ್ಜೊಯೇಟ್ ಎಂಬ ಬಿಳಿ ಪುಡಿಯನ್ನು ಸಿದ್ಧವಾದ ಸಾಸಿನ ಕಿಲೋ ಒಂದಕ್ಕೆ ಕಾಲು ಗ್ರಾಂನಂತೆ ಸೇರಿಸುತ್ತಾರೆ. ಕಾಲು ಗ್ರಾಂ ತೂಗಲು ರಾಬರ್ಟ್‌ಸನ್‌ಪೇಟೆಯ ಅಕ್ಕಸಾಲಿಗರ ತಕ್ಕಡಿಯೇ ಬೇಕೇನೋ ಎಂದು ಒಬ್ಬರು ನಗೆಯಾಡಿದರು. ಬೇಕಿಲ್ಲ. 10 ಗ್ರಾಂ ಪುಡಿಯನ್ನು ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ ಒಟ್ಟು 200 ಮಿಲಿ ಮಾಡಿಕೊಳ್ಳಿ. ಮಕ್ಕಳ ಔಷಧಿಯ ಜೊತೆ ಬರುವ 5 ಮಿಲಿ ಅಳತೆಯಲ್ಲಿ ಒಂದು ಅಳತೆಗೆ ಸರಿಯಾಗಿ ಕಾಲು ಗ್ರಾಂ. ನಾಲ್ಕೂವರೆ ಕಿಲೋಗೆ ನಾಲ್ಕೂವರೆ ಅಳತೆ. ಚಿಟಿಕೆಯ ಲೆಕ್ಕದಲ್ಲಿ ಇದನ್ನು ಹಾಕಲೇಬಾರದು, ಹೆಚ್ಚಾದರೆ ಒಳ್ಳೆಯದೆಂಬ ಭಾವನೆಯೂ ತಪ್ಪು. ಇದು ಹುಳಿಯಿರುವ ಕಡೆ ಮಾತ್ರ ಕೆಲಸ ಮಾಡುತ್ತದೆ, ಆದ್ದರಿಂದ ವಿನೆಗರಿಗೆ ಬದಲು ಇದು ಎಂಬುದೂ ಇಲ್ಲ. ಕೊಳೆತ ಹಣ್ಣನ್ನು ಇದು ಒಳ್ಳೆಯದು ಮಾಡುವುದಿಲ್ಲ.

ಸೀಸೆ ತುಂಬುವುದು

ಸೀಸೆಗಳನ್ನು ಸೋಪಿನಿಂದ ತೊಳೆದು, ತಳದಲ್ಲಿ ಬಟ್ಟೆ ಹಾಸಿದ ಪಾತ್ರೆಯಲ್ಲಿ ತಣ್ಣೀರಿನಲ್ಲಿಟ್ಟು ಕಾಯಿಸಿ, ಅರ್ಧ ಗಂಟೆ ಕುದಿಸಿರಿ. ಬಿಸಿ ನೀರಿಗೆ ತಣ್ಣಗಿನ ಗಾಜನ್ನು ಹಾಕಿದರೆ ಒಡೆಯುತ್ತದೆ. ಮುಚ್ಚಳಗಳು ಹೊಸವಾಗಿರಲಿ, ಒಳಗೆ ರಬ್ಬರಿನಂಥ ಪದರ ಇರಲಿ. ಹಳೆಯ ಸೀಸೆ ಎಷ್ಟು ಸಲವಾದರೂ ಆದೀತು, ತುಕ್ಕು ಹಿಡಿದ ಹಳೆಯ ಮುಚ್ಚಳ ಮಾತ್ರ ಒಂದು ಸಲವೂ ಬೇಡ. ಇಕ್ಕಳದಿಂದ ಸೀಸೆಯನ್ನು ಎತ್ತಿ, ನೀರನ್ನು ಬಗ್ಗಿಸಿ, ಬಟ್ಟೆಯಿಂದ ಒರೆಸದೆ, ಕುದಿಯುತ್ತಿದ್ದ ಸಾಸನ್ನು ಬಿಸಿಯಿರುವಾಗಲೇ ಆಲಿಕೆಯಿಂದ ತುಂಬಿ, ಮೇಲೆ ಒಂದು ಬೆರಳಿನ ಅಗಲ ಖಾಲಿ ಬಿಟ್ಟು ಮುಚ್ಚಿರಿ.

ತುಂಬಿದ ಸೀಸೆಗಳನ್ನು ಮತ್ತೆ ಬಿಸಿ ನೀರಿನ ಪಾತ್ರೆಯಲ್ಲಿಟ್ಟು, ನೀರು ಕುದಿಯುವುದಕ್ಕೆ ಸ್ವಲ್ಪ ಮೊದಲಿನ ಬಿಸಿಯಲ್ಲಿ, ಎಂದರೆ 85ರಿಂದ 90 ಡಿಗ್ರಿಯಲ್ಲಿ ಅರ್ಧ ಗಂಟೆ ಇಡಬೇಕು. ಹೊರಗೆ ತೆಗೆದವನ್ನು ಸಿಮೆಂಟಿನ ನೆಲದ ಮೇಲಿಡದೆ ಮಡಿಸಿದ ಗೋಣಿಯ ಮೇಲಿಟ್ಟು ತಾನಾಗಿ ಆರಲು ಬಿಡಿ. ಪ್ರತಿ ಸೀಸೆಗೂ ತಾರೀಖು ಬರೆದ ಚೀಟಿ ಅಂಟಿಸಿ ಕತ್ತಲೆಯ ತಂಪು ಜಾಗದಲ್ಲಿಡಿ. ಬೆಳಕಿನಲ್ಲಿಟ್ಟರೆ ಬಣ್ಣ ಕೆಡುತ್ತದೆ. ಕಿಟಕಿಯ ಮೇಲೆ ಸಾಲಾಗಿ ಜೋಡಿಸಿದರೆ ನೋಡುವುದಕ್ಕೆ ಚೆಂದ, ನಾನೂ ಒಪ್ಪುತ್ತೇನೆ.

ಸಾಸು ಮಾಡುವಷ್ಟು ಹೊತ್ತು ಇಲ್ಲದವರು ತಿರುಳನ್ನಷ್ಟೇ ತುಂಬಿಟ್ಟುಕೊಂಡು ಸಾರಿಗೆ, ಪಲ್ಯಕ್ಕೆ ಬಳಸಬಹುದು. ಇದರಲ್ಲಿ ಸಕ್ಕರೆಯಿಲ್ಲ, ವಿನೆಗರ್ ಇಲ್ಲ. ಹುಳಿಯ ಗಡಿಯ ಮಾತು ಹೇಳಿದೆನಲ್ಲ, ಅದು ಇಲ್ಲಿ ಪೂರ್ತಿ ಅನ್ವಯಿಸುತ್ತದೆ. ಲೀಟರಿಗೆ ಅರ್ಧ ಟೀ ಚಮಚ ಸಿಟ್ರಿಕ್ ಆಮ್ಲ, ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೇಳಿದರೆ ಕೊಡುತ್ತಾರೆ, ತಪ್ಪದೆ ಹಾಕಬೇಕು. ಅರ್ಧ ಲೀಟರಿನ ಸೀಸೆಗಳು ನೀರಿನಲ್ಲಿ ಪೂರ್ತಿ ಮುಳುಗಿ, ನೀರು ಚೆನ್ನಾಗಿ ಕುದಿಯುತ್ತಿರುವಂತೆ 45 ನಿಮಿಷ ಇಡಬೇಕು. ನಮ್ಮ ಸೀಮೆ ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿದೆ. ಇಲ್ಲಿ ನೀರು 100 ಡಿಗ್ರಿಗೆ ಬದಲಾಗಿ 97ರ ಆಸುಪಾಸಿನಲ್ಲಿಯೇ ಕುದಿಯುತ್ತದೆ. ಮಂಗಳೂರಿನವರಿಗೆ ಹೇಳಿದ ಹೊತ್ತಿಗಿಂತ ನಾವು ಐದು ನಿಮಿಷ ಹೆಚ್ಚು ಕುದಿಸಬೇಕು.

ಚಟ್ನಿ ಮತ್ತು ತೊಕ್ಕು

ಇಲ್ಲಿ ಚಟ್ನಿಯೆಂದರೆ ದೋಸೆಗೆ ಅರೆಯುವ ಚಟ್ನಿಯಲ್ಲ, ಸಿಹಿ ಹುಳಿ ಖಾರ ಸೇರಿದ ಸೀಸೆಯ ಚಟ್ನಿ. ಜರಡಿ ಬೇಕಿಲ್ಲ. ಹಣ್ಣನ್ನು ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ ತಣ್ಣೀರಿಗೆ ಹಾಕಿದರೆ ಸಿಪ್ಪೆ ತಾನೇ ಜಾರುತ್ತದೆ. 5 ಕಿಲೋ ಹಣ್ಣಿಗೆ ಎರಡೂವರೆ ಕಿಲೋ ಸಕ್ಕರೆ, 125 ಗ್ರಾಂ ಉಪ್ಪು, ಅರ್ಧ ಕಿಲೋ ಸಣ್ಣಗೆ ಹೆಚ್ಚಿದ ಈರುಳ್ಳಿ, 50 ಗ್ರಾಂ ಶುಂಠಿ, 25 ಗ್ರಾಂ ಬೆಳ್ಳುಳ್ಳಿ, 50 ಗ್ರಾಂ ಮೆಣಸಿನ ಪುಡಿ, ಮಸಾಲೆ ಪುಡಿ ರುಚಿಗೆ ತಕ್ಕಷ್ಟು. ಎಲ್ಲವನ್ನೂ ಸಣ್ಣ ಉರಿಯಲ್ಲಿ ಜಾಮಿನಂತೆ ಆಗುವವರೆಗೆ ಬೇಯಿಸಿ, ಕೊನೆಗೆ ಅರ್ಧ ಲೀಟರು ವಿನೆಗರ್ ಹಾಕಿ ಹದಕ್ಕೆ ತನ್ನಿ. ಸುಮಾರು ನಾಲ್ಕೂವರೆ ಕಿಲೋ ಬರುತ್ತದೆ. ಸಕ್ಕರೆಯೂ ಹುಳಿಯೂ ಹೇರಳವಾಗಿರುವುದರಿಂದ ಹೊಸಬರ ಕೈಗೆ ಸಾಸಿಗಿಂತ ಇದೇ ಕ್ಷೇಮ. ಬೆಲ್ಲ ಹಾಕಿದರೆ ಬಣ್ಣ ಕಪ್ಪಾಗುತ್ತದೆ, ರುಚಿ ನನಗೇನೋ ಅದೇ ಮೇಲೆನಿಸುತ್ತದೆ.

ತೊಕ್ಕು ನಮ್ಮ ಮನೆಗಳ ಹಳೆಯ ವಿದ್ಯೆ. ಕೆ.ಜಿ.ಎಫ್. ಲೈನುಗಳ ಮನೆಗಳಲ್ಲಿ ತಕ್ಕಾಳಿ ತೊಕ್ಕೆಂದರೂ, ನಮ್ಮ ಕಡೆ ಟಮಾಟ ಉಪ್ಪಿನಕಾಯಿ ಎಂದರೂ ವಿಷಯ ಒಂದೇ. 3 ಕಿಲೋ ನಾಟಿ ಹಣ್ಣಿಗೆ 100 ಗ್ರಾಂ ಹುಣಿಸೆ, 75 ಗ್ರಾಂ ಉಪ್ಪು, 75 ಗ್ರಾಂ ಮೆಣಸಿನ ಪುಡಿ, ಹುರಿದು ಪುಡಿ ಮಾಡಿದ ಸಾಸಿವೆ ಮೆಂತ್ಯ, ಕಾಲು ಲೀಟರು ಎಳ್ಳೆಣ್ಣೆ. ಎಣ್ಣೆ ಬಿಡುವವರೆಗೆ ಬಾಡಿಸಬೇಕು. ಎಣ್ಣೆ ಮೇಲೆ ನಿಂತರೆ ಕೆಡುವುದಿಲ್ಲ ಎಂಬ ಮಾತಿದೆ, ಅದು ಅರ್ಧ ಸತ್ಯ. ಎಣ್ಣೆ ಗಾಳಿಯನ್ನು ತಡೆದು ಬೂಷ್ಟನ್ನು ದೂರವಿಡುತ್ತದೆ, ಆದರೆ ನಾನು ಹೇಳಿದ ಆ ವಿಷದ ಬ್ಯಾಕ್ಟೀರಿಯಕ್ಕೆ ಗಾಳಿಯಿಲ್ಲದ ಸ್ಥಳವೇ ಬೇಕಾದದ್ದು. ತೊಕ್ಕನ್ನು ಕಾಯುವುದು ಉಪ್ಪು, ಹುಣಿಸೆಯ ಹುಳಿ, ಮತ್ತು ನೀರು ಇಂಗಿರುವುದು. ಹಸಿ ಬೆಳ್ಳುಳ್ಳಿಯನ್ನು ಕೊನೆಗೆ ಹಾಕಿ ಎಣ್ಣೆಯಲ್ಲಿ ಮುಳುಗಿಸಿಡುವುದಂತೂ ಬೇಡವೇ ಬೇಡ. ಒಣಗಿದ ಚಮಚ ಬಳಸಿ, ತಿಂಗಳೊಳಗೆ ಮುಗಿಸಿ.

ಮಾರುವವರಿಗೆ

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಮೇಲೆ ಕೆ.ಜಿ.ಎಫ್. ಜನರು ಸಾವಿರಾರು ಸಂಖ್ಯೆಯಲ್ಲಿ ಮಾರಿಕುಪ್ಪಂ, ಬಂಗಾರಪೇಟೆ ಮಾರ್ಗವಾಗಿ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿ ಬರುತ್ತಾರೆ. ಬೆಳಗಿನ ಕತ್ತಲಲ್ಲಿ ಬುತ್ತಿ ಕಟ್ಟುವ ಮನೆಗಳಿಗೆ ಚಟ್ನಿ ತೊಕ್ಕಿನ ಅಗತ್ಯ ಇದ್ದೇ ಇದೆ. ಹಳ್ಳಿಯ ಸಂಘಗಳು ಮೊದಲು ನೋಡಬೇಕಾದ ಗಿರಾಕಿ ಇವರೇ ಎಂಬುದು ನನ್ನ ಅಭಿಪ್ರಾಯ. ದೊಡ್ಡ ಕಂಪನಿಯ ಸಾಸಿನೊಂದಿಗೆ ಬೆಲೆಯಲ್ಲಿ ಪೈಪೋಟಿ ಮಾಡುವುದು ಕಷ್ಟ. ಅವರು ಮಸಾಲೆ, ಸೀಸೆ, ಇಂಧನ ಎಲ್ಲವನ್ನೂ ಸಗಟಿನಲ್ಲಿ ಕೊಳ್ಳುತ್ತಾರೆ. ಮನೆಯ ರುಚಿಯ ತೊಕ್ಕನ್ನು ಅವರು ಅಷ್ಟು ಸುಲಭವಾಗಿ ಮಾಡಲಾರರು.

ಮಾರುವುದಾದರೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಮೇರೆಗೆ ನೋಂದಣಿ ಮಾಡಿಸಲೇಬೇಕು. ಚೀಟಿಯ ಮೇಲೆ ಏನೇನು ಹಾಕಿದೆ, ಎಂದು ಮಾಡಿದ್ದು, ಎಷ್ಟು ತೂಕ, ಯಾರು ಮಾಡಿದ್ದು ಎಂಬುದಿರಬೇಕು. ಸಂರಕ್ಷಕ ಹಾಕಿದ್ದರೆ ಅದನ್ನು ಮುಚ್ಚಿಡಬಾರದು. 2020ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಕೋಲಾರ ಜಿಲ್ಲೆಗೆ ಗುರುತಿಸಿದ ಬೆಳೆ ಟೊಮೆಟೊವೇ. ಯಂತ್ರ ಕೊಳ್ಳುವ ಯೋಚನೆಯಿರುವ ಸಂಘದವರು ಸಾಲದ ಅರ್ಜಿಗೆ ಮುನ್ನ ಜಿಲ್ಲಾ ಕಚೇರಿಯಲ್ಲಿ ಈಗ ಯಾವ ನೆರವು ಇದೆಯೆಂದು ಕೇಳಿಕೊಳ್ಳಲಿ. ಮೈಸೂರಿನಲ್ಲಿ 1950ರಿಂದ ಕೆಲಸ ಮಾಡುತ್ತಿರುವ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ ಇಂಥ ತಯಾರಿಕೆಗಳ ವಿಷಯದಲ್ಲಿ ತರಬೇತಿ ಕೊಡುತ್ತದೆ. ಯಂತ್ರಕ್ಕೆ ಮೊದಲು ಒಬ್ಬರನ್ನು ಅಲ್ಲಿಗೆ ಕಳಿಸುವುದು ಲೇಸು.

ಸೀಸೆ ತುಂಬಿದ ಮೂರನೆಯ ದಿನ, ಹದಿನೈದನೆಯ ದಿನ, ಆಮೇಲೆ ತಿಂಗಳಿಗೊಮ್ಮೆ ಎಲ್ಲ ಸೀಸೆಗಳನ್ನೂ ಬೆಳಕಿಗೆ ಹಿಡಿದು ನೋಡಿ. ಮುಚ್ಚಳ ಉಬ್ಬಿದ್ದರೆ, ಗುಳ್ಳೆ ಏಳುತ್ತಿದ್ದರೆ, ತೆರೆದಾಗ ಸೋಡಾದಂತೆ ಸದ್ದಾದರೆ ನಾಲಗೆಗೆ ತಾಗಿಸಿ ಪರೀಕ್ಷಿಸಬೇಡಿ. ಕುದಿಸಿ ಸರಿಮಾಡುವ ಪ್ರಯತ್ನವೂ ಬೇಡ, ದನದ ಬಾನಿಗೂ ಹಾಕಬೇಡಿ. ಗುಂಡಿ ತೆಗೆದು ಮುಚ್ಚಿ, ಆ ಚೀಟಿಯ ತಾರೀಖನ್ನು ಮಾತ್ರ ಇಟ್ಟುಕೊಂಡಿರಿ. ನಾನು ಊರಿಗೆ ಬಂದಾಗ ಅಂದು ಏನು ತಪ್ಪಿತೆಂದು ಕುಳಿತು ನೋಡೋಣ.